ಏಳು ಗಂಟೆಯ ಹಾಜರಿ

ಅಪ್ಪಾಜಿ,

ಮೊದಲಿಗೇ ಹೇಳಿಬಿಡುತ್ತೇನೆ, ನಿಮ್ಮ ಮೇಲೆ ನನಗೆ ಸಿಟ್ಟಿದೆ. ಆ ರೇಡಿಯೋ ಸ್ಕ್ಯಾನರ್ ನಡೆಸುವುದನ್ನು ಒಂದು ಸಲವಾದರೂ ನನಗೆ ಕಲಿಸಬಾರದಿತ್ತೇ? ಹತ್ತಿರ ಬಂದರೆ ಸಾಕು, "ಮುಟ್ಟಬ್ಯಾಡ ಗಿರಿಜಾ, ಸೆಟ್ಟಿಂಗ್ ಹೋಗ್ತೈತಿ" ಅನ್ನುತ್ತಿದ್ದಿರಿ. ಈಗ ನೀವೂ ಹೋದಿರಿ, ಸೆಟ್ಟಿಂಗೂ ಹೋಯಿತು.

ನಾರಾಯಣಗೂಡದ ಈ ಮನೆಯಲ್ಲಿ ಬೆಳಗಾಗುತ್ತಿದ್ದುದೇ ಅದರ ಗುಸುಗುಸು ಸದ್ದಿಗೆ, ನೆನಪಿದೆಯೇ? ಏಳು ಗಂಟೆಗೆ ನಿಮ್ಮ ಹವ್ಯಾಸಿ ರೇಡಿಯೋ ಗೆಳೆಯರೆಲ್ಲ ಸೇರುತ್ತಿದ್ದರು. ಕೂಕಟ್‌ಪಲ್ಲಿಯಿಂದ ವಿರೂಪಾಕ್ಷಿ ಕಾಕಾ ಒಬ್ಬೊಬ್ಬರ ಹೆಸರು ಕರೆದು ಹಾಜರಿ ಹಾಕುತ್ತಿದ್ದರು. ನೀವು ಸ್ಕ್ಯಾನರಿನಲ್ಲಿ ಕೇಳಿಸಿಕೊಂಡು ಪಕ್ಕದ ಇನ್ನೊಂದು ಸೆಟ್ಟಿನಲ್ಲಿ ಉತ್ತರ ಕೊಡುತ್ತಿದ್ದಿರಿ. ಒಮ್ಮೊಮ್ಮೆ ನೀವು ಬಚ್ಚಲಲ್ಲಿ ಇರುವಾಗಲೇ ನಿಮ್ಮ ಹೆಸರು ಬಂದುಬಿಡುತ್ತಿತ್ತು. ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು ಸ್ಕ್ಯಾನರಿಗೆ ಬಾಯಿ ಹಚ್ಚಿ, "ಜಳಕಕ್ಕ ಹೋಗ್ಯಾರ್ರೀ, ಬರ್ತಾರ, ತಡೀರಿ!" ಎಂದು ಕೂಗುತ್ತಿದ್ದಳು. "ಏ ಹುಚ್ಚಿ, ಅದು ಬರೇ ಕೇಳಸ್ತೈತಿ, ಮಾತಾಡಂಗಿಲ್ಲ" ಎಂದು ಒಳಗಿನಿಂದ ನೀವು ನಗುತ್ತಿದ್ದಿರಿ. "ಸುಡ್ಲಿ ಈ ನನ್ನ ಸವತಿ" ಎಂದು ಅವ್ವ ರೊಟ್ಟಿ ಬಡಿಯಲು ಹೋಗುತ್ತಿದ್ದಳು.

ನೀವು ಹೋದ ಮೇಲೆ ಕಾಕಾ ಬಂದಿದ್ದರು. ಪರವಾನಗಿ ಇಲ್ಲದವರ ಮನೆಯಲ್ಲಿ ಮಾತಾಡುವ ಸೆಟ್ಟು ಇರಬಾರದೆಂದು ಅದನ್ನು ಒಯ್ದರು. ಸ್ಕ್ಯಾನರ್ ಮಾತ್ರ ಉಳಿಯಿತು. ಹೋಗುವಾಗ ನನ್ನನ್ನು ಬಾಗಿಲಿಗೆ ಕರೆದು ಹೇಳಿದರು: "ಯವ್ವಾ, ನಮ್ಮ ಗುಂಪಿನಾಗ ಒಂದು ಪದ್ಧತಿ ಐತಿ. ಹೋದವರ ಹೆಸರು ಒಂದು ವರ್ಷ ತೆಗಿಯಂಗಿಲ್ಲ. ದಿನಾ ಕರಿತೀವಿ, ಒಂದೀಟು ಸುಮ್ಮನಿರ್ತೀವಿ, ಮುಂದಿನ ಹೆಸರಿಗೆ ಹೋಗ್ತೀವಿ. ವರ್ಷದ ದಿನಾನೇ ಕಡೀದು. ಅವ್ವಗ ಕೇಳಸು." ಅವ್ವ ಒಳಗಿನಿಂದ ಕೇಳಿಸಿಕೊಂಡಿದ್ದಳು. ಸಂಜೆ ನನ್ನ ಬಳಿ ಬಂದು, "ಒಂದು ಸಲ ಅವರ ಹೆಸರು ಕೇಳಬೇಕ ಗಿರಿಜಾ" ಎಂದಳು.

ಒಂದು ಸಲ! ಅಷ್ಟನ್ನು ಮಾಡಲು ನಾನು ಪಟ್ಟ ಪಾಡು ಶಿವನಿಗೇ ಗೊತ್ತು. ಅಮೀರ್‌ಪೇಟೆಯಲ್ಲಿ ದಿನವಿಡೀ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವಳು ನಾನು, ಅಂಗೈಯಗಲದ ಡಬ್ಬಿಯೆದುರು ಸೋತು ಕೂತೆ. ಒಂದೊಂದು ಗುಂಡಿಗೆ ನಾಲ್ಕು ನಾಲ್ಕು ಕೆಲಸ. ಒತ್ತಿದರೆ ಒಂದು, ಒತ್ತಿ ಹಿಡಿದರೆ ಇನ್ನೊಂದು. ಎಷ್ಟು ಹೊತ್ತು ಹಿಡಿಯಬೇಕು ಎಂದು ಯಾವ ಪುಟದಲ್ಲೂ ಬರೆದಿಲ್ಲ. ತಪ್ಪಾದರೆ ಮೂರು ಸಲ ಕುಯ್ ಕುಯ್ ಅನ್ನುತ್ತದೆ, ಏನು ತಪ್ಪಾಯಿತೆಂದು ಹೇಳುವುದಿಲ್ಲ. ಕೈಪಿಡಿಯ ನಡುವೆ ನಿಮ್ಮ ಕೈಬರಹದ ಚೀಟಿ ಸಿಕ್ಕಾಗ ದೇವರೇ ಸಿಕ್ಕಷ್ಟು ಖುಷಿಯಾಯಿತು. ಬಿಚ್ಚಿ ನೋಡಿದರೆ, "ಮೊದಲು ಇದು, ಆಮೇಲೆ ಅದು, ಮತ್ತೆ ಇದು." ಯಾವುದು ಅಪ್ಪಾಜಿ, ಯಾವುದು ಇದು, ಯಾವುದು ಅದು? ಅಂದು ಚೀಟಿ ಹಿಡಿದುಕೊಂಡೇ ಅತ್ತೆ.

ಸಂಜೆ ಕೂತು ಹೇಗೋ ಹೊಂದಿಸುತ್ತಿದ್ದೆ. ಗುಸುಗುಸು ಸದ್ದು ಬರುತ್ತಿತ್ತು, ಯಾರೋ ಮಾತಾಡಿದ್ದೂ ಕೇಳುತ್ತಿತ್ತು. ಬೆಳಿಗ್ಗೆ ಏಳಕ್ಕೆ ಹಚ್ಚಿದರೆ ಪೂರ್ತಿ ಮೌನ. ಮತ್ತೆ ಎಲ್ಲ ಅಳಿಸಿ ಮೊದಲಿನಿಂದ ತುಂಬುತ್ತಿದ್ದೆ, ಮರುದಿನ ಮತ್ತದೇ ಹಾಡು. ಕಾಕಾಗೆ ಒಂದು ಫೋನ್ ಮಾಡಬಹುದಿತ್ತು, ಗೊತ್ತು. ಆದರೆ ಶಿವರುದ್ರಪ್ಪನ ಮಗಳಿಗೆ ಇಷ್ಟೂ ಆಗಲಿಲ್ಲ ಎಂದು ಯಾವ ಬಾಯಿಂದ... ನಿಮ್ಮ ಹಟ ನನಗೂ ಬಂದಿದೆಯಲ್ಲ. ಹಾಗೆಯೇ ಹನ್ನೊಂದು ತಿಂಗಳು ಕಳೆದವು. ಅವ್ವ ಕೇಳುವುದನ್ನೇ ಬಿಟ್ಟಳು. ನೀವಿಲ್ಲವೆಂಬ ಮಾತು ಮಾತ್ರ ಈ ವರ್ಷವಿಡೀ ಅವಳ ಬಾಯಿಂದ ಬಂದಿರಲಿಲ್ಲ. ನಿಮ್ಮನ್ನು ಕೇಳಿ ಯಾರಾದರೂ ಫೋನ್ ಮಾಡಿದರೆ ಸುಮ್ಮನೆ ನನ್ನ ಕೈಗೆ ಕೊಡುತ್ತಿದ್ದಳು.

ವರ್ಷಕ್ಕೆ ಒಂದೇ ದಿನ ಉಳಿದಿತ್ತು. ಬೆಳಿಗ್ಗೆ ಬೇಗ ಎಚ್ಚರವಾಗಿ ಹೊರಬಂದರೆ ಅವ್ವ ಲಿಂಗಪೂಜೆ ಮುಗಿಸಿ ನಿಮ್ಮ ಫೋಟೋದ ಮುಂದೆ ಕೂತಿದ್ದಳು. ಫೋಟೋಕ್ಕೆ ವಿಭೂತಿ ಹಚ್ಚಿದಳು. ಪಕ್ಕದಲ್ಲಿದ್ದ ಸ್ಕ್ಯಾನರನ್ನು ಎತ್ತಿ, ನಿನ್ನೆಯ ವಿಭೂತಿಯನ್ನು ಒದ್ದೆ ಬಟ್ಟೆಯಿಂದ ತಿಕ್ಕಿ ತಿಕ್ಕಿ ಒರೆಸಿ, ಅದರ ನೆತ್ತಿಗೂ ಮೂರು ಬೆರಳು ಎಳೆದಳು. ಒರೆಸುವಾಗ ನೆತ್ತಿಯ ಮೇಲಿನ ತಿರುಗುಗುಂಡಿ ಗಿರ್ರೆಂದು ಕೊನೆಯವರೆಗೆ ತಿರುಗಿತು. ಬರೇ ಗುಸುಗುಸು ಬಾರದಂತೆ ತಡೆಯುವ ಗುಂಡಿ ಅದು. ಹೆಚ್ಚು ಬಿಗಿದರೆ ಮನುಷ್ಯರ ಮಾತನ್ನೂ ತಡೆಯುತ್ತದೆ. ದಿನಾ ಬೆಳಗಿನ ಮೌನಕ್ಕೆ ಕಾರಣ ಇದೇ.

"ಅವ್ವಾ! ದಿನಾ ಹಿಂಗ ಒರಸ್ತಿ?"

"ಮತ್ತ? ಹಳೇದರ ಮ್ಯಾಲೆ ಹಚ್ಚಾಕ ಬರ್ತೈತೇನು? ಅವರ ಜೀವ ಇದರಾಗ ಇತ್ತಲ್ಲ" ಎಂದಳು.

ಅವಳನ್ನು ಬೈಯಲಾಗಲಿಲ್ಲ. ಹಿಂದಿನ ಸಂಜೆ ಬೇಸತ್ತು ನಾನು ಎಲ್ಲ ಅಳಿಸಿಬಿಟ್ಟಿದ್ದೆ, ಮತ್ತೆ ತುಂಬುವಷ್ಟರಲ್ಲಿ ಅಂದಿನ ಹಾಜರಿ ಮುಗಿದಿತ್ತು.

ಮರುದಿನ, ಅಂದರೆ ನಿಮ್ಮ ವರ್ಷದ ದಿನ, ಗುಂಡಿಯನ್ನು ನಾನೇ ಸಡಿಲಿಸಿ ಇಟ್ಟೆ. ಏಳಕ್ಕೆ ಸರಿಯಾಗಿ ಕಾಕಾನ ದನಿ ಬಂತು. ದಿನವೂ ಹಿಂದಿಯಲ್ಲಿ ಕರೆಯುವವರು ಅಂದು ನಿಮ್ಮ ಸರದಿ ಬಂದಾಗ ಕನ್ನಡಕ್ಕೆ ಹೊರಳಿದರು. "ಶಿವರುದ್ರಪ್ಪನೋರ, ನಾರಾಯಣಗೂಡ. ಅದೀರೇನ್ರಿ?"

ಆಮೇಲೆ ಯಾರೂ ಮಾತಾಡಲಿಲ್ಲ. ಅವ್ವ ಎದ್ದಳು. ಜಳಕಕ್ಕೆ ಹೋಗಿದ್ದಾರೆ ಎಂದು ಕೂಗುತ್ತಾಳೇನೋ ಎಂದುಕೊಂಡೆ. ಅವಳು ಸೆರಗು ಹೊದ್ದು, ಸ್ಕ್ಯಾನರಿಗೆ ಬಾಯಿ ಹಚ್ಚಿ, ಮೆಲ್ಲಗೆ, "ಇಲ್ರೀ ಅಣ್ಣಾರ. ಅವರು ತೀರಿಕೊಂಡಾರ. ಹೆಸರು ತೆಗೀರಿ ಇನ್ನ" ಎಂದಳು.

ಕಾಕಾ ಇನ್ನಷ್ಟು ಹೊತ್ತು ಕಾದು ಮುಂದಿನ ಹೆಸರು ಕರೆದರು. ಅವ್ವನ ಉತ್ತರ ಅವರಿಗೆ ಮುಟ್ಟಲಿಲ್ಲ. ಅದು ಮಾತಾಡುವುದಿಲ್ಲ ಎಂದು ನೀವೇ ಹೇಳುತ್ತಿದ್ದಿರಲ್ಲ. ಅವ್ವ ನನ್ನ ತೊಡೆಯ ಮೇಲೆ ತಲೆಯಿಟ್ಟು ವರ್ಷದಲ್ಲಿ ಮೊದಲ ಸಲ ಅತ್ತಳು. ಆ ಮಾತು ಕೇಳಿದವಳು ನಾನೊಬ್ಬಳೇ, ಅಪ್ಪಾಜಿ. ನಿಮಗೂ ತಿಳಿದಿರಲಿ ಎಂದು ಬರೆದೆ.

ನಿಮ್ಮ
ಗಿರಿಜಾ