ಖಂಡೇಪೂಜೆಯ ದಿನದ ನಾಲ್ಕು ಕವಾಟಗಳು

ನಾರಾಯಣಗೂಡ, ಹೈದರಾಬಾದು
೨೪ ನವೆಂಬರ್ ೨೦೧೯, ಭಾನುವಾರ

ಪ್ರೀತಿಯ ಮಗಳು ಸಂಯುಕ್ತಾಳಿಗೆ ಅಪ್ಪನ ಆಶೀರ್ವಾದಗಳು.

ಕ್ಷೇಮವಾಗಿದ್ದೀಯಾ? ಕಳೆದ ವಾರ ದೂರವಾಣಿಯಲ್ಲಿ ಮಾತಿಗೊಮ್ಮೆ ಕೆಮ್ಮುತ್ತಿದ್ದೆ. ಮೆಣಸಿನ ಕಷಾಯವನ್ನು ನಿಜವಾಗಿಯೂ ಕುಡಿದೆಯೋ, ಕುಡಿದೆನೆಂದು ಅಮ್ಮನಿಗೆ ಹೇಳಿ ಮುಗಿಸಿದೆಯೋ? ನನ್ನ ಮೊಣಕಾಲು ಇದ್ದಂತೆಯೇ ಇದೆ. ಎಪ್ಪತ್ತೆರಡರ ಮೊಣಕಾಲಿನಿಂದ ಹೆಚ್ಚಿನದನ್ನು ಬಯಸುವುದು ಅನ್ಯಾಯ. ಅಮ್ಮ ಗಟ್ಟಿಯಾಗಿದ್ದಾಳೆ. ನಮ್ಮ ಬೀದಿಯ ಮೇಲಿನ ಹೊಸ ಮೆಟ್ರೊ ಹಳಿಗಳಲ್ಲಿ ಖಾಲಿ ರೈಲನ್ನು ಪರೀಕ್ಷೆಗಾಗಿ ಓಡಿಸುತ್ತಿದ್ದಾರೆ. ಅದು ಹೋದಾಗಲೆಲ್ಲ ಅವಳು ಸೌಟು ಹಿಡಿದುಕೊಂಡೇ ಹೊರಗೆ ಬಂದು, “ಒಳಗ ಒಬ್ಬ ಮನಷ್ಯಾನೂ ಇಲ್ಲ, ಯಾರ ಸಲುವಾಗಿ ಓಡಾಕತ್ತೈತ್ರೀ ಇದು?” ಎನ್ನುತ್ತಾಳೆ. ಜನರನ್ನು ಕೂರಿಸುವ ಮುನ್ನ ಖಾಲಿ ಓಡಿಸಿ ನೋಡಬೇಕು ಎಂದು ನಾನು ವಿವರಿಸುತ್ತೇನೆ. ಈಗ ಹತ್ತು ದಿನಗಳಿಂದ ಆ ವಾಕ್ಯವನ್ನು ಮುಗಿಸಲು ನನಗೆ ಆಗುತ್ತಿಲ್ಲ.

ನಿನ್ನ ದೀರ್ಘವಾದ ಪತ್ರವೂ ಅದರೊಡನೆ ಬಂದ ಛಾಯಾಚಿತ್ರವೂ ತಲುಪಿ ಇಂದಿಗೆ ಹತ್ತು ದಿನ. ಮನುಷ್ಯರನ್ನು ವ್ಯೋಮಕ್ಕೆ ಕಳಿಸಲೆಂದೇ ಕಟ್ಟಿದ ಕೇಂದ್ರದಲ್ಲಿ ಜೀವಾಧಾರ ವಿಭಾಗಕ್ಕೆ ನನ್ನ ಮಗಳು ಮುಖ್ಯಸ್ಥೆಯಾದಳೆಂಬುದನ್ನು ಎರಡು ಸಲ ಓದಿದೆ. ಯಾತ್ರಿಗಳು ಕೂರುವ ಕೋಶದ ಪೂರ್ಣಗಾತ್ರದ ಮಾದರಿ, ಕಡಲಿಗೆ ಇಳಿದ ಮೇಲೆ ಹೊರಬರುವುದನ್ನು ಕಲಿಸುವ ಕೊಳ, ಹೊರಗಿನ ಗಾಳಿ ಸುಳಿಯದ ಉಕ್ಕಿನ ಕೋಣೆ, ಎಲ್ಲವನ್ನೂ ಎಷ್ಟು ಅಚ್ಚುಕಟ್ಟಾಗಿ ಬಣ್ಣಿಸಿದ್ದೀಯೆಂದರೆ, ಕಣ್ಣು ಮುಚ್ಚಿದರೆ ನಾನೇ ಅಲ್ಲಿ ನಡೆದಾಡಿದಂತಾಗುತ್ತದೆ. “ಜವಾಬ್ದಾರಿ ಹೆಚ್ಚಾಗಿದೆ” ಎಂದು ಬರೆದಿದ್ದೀಯೆ. ನಾನಾದರೆ ‘ಹೊಣೆ’ ಎನ್ನುತ್ತಿದ್ದೆ. ಎರಡೇ ಅಕ್ಷರ, ಆದರೆ ಹೊರುವಂಥದ್ದು. ನಿಮ್ಮ ನಿರ್ದೇಶಕರ ಪದ್ಧತಿಯನ್ನೂ ತಿಳಿಸಿದ್ದೀಯೆ. ಯಾವ ಸಲಕರಣೆಯನ್ನೇ ಆಗಲಿ ಒಪ್ಪುವ ಮೊದಲು ಅವರು ಆ ವಿಭಾಗದ ಮುಖ್ಯಸ್ಥರನ್ನು ಕೇಳುವ ಪ್ರಶ್ನೆ ಒಂದೇ: “ಇದರೊಳಗೆ ನೀವು ಕೂರುತ್ತೀರಾ?” ಆ ಪ್ರಶ್ನೆಗೆ ನೀನು ಹೌದೆಂದದ್ದರಿಂದ, ಬರುವ ಡಿಸೆಂಬರ್ ಒಂಬತ್ತರಂದು ಆ ಉಕ್ಕಿನ ಕೋಣೆಯಲ್ಲಿ ಮೊದಲು ಕೂರುವವಳು ನೀನೇ. ಬಾಗಿಲು ಮುಚ್ಚಿ ಹನ್ನೆರಡು ಗಂಟೆಗಳ ಕಾಲ ಕೊಳವೆಯ ಗಾಳಿಯನ್ನೇ ಉಸಿರಾಡುವೆ. ಅಂಥ ನಾಯಕರ ಕೈಕೆಳಗೆ ನೀನು ದುಡಿಯುತ್ತಿರುವುದು ನನಗೆ ಹೆಮ್ಮೆ. ಆದರೆ ಆ ಪ್ರಶ್ನೆಯನ್ನು ಅವರು ನನಗೆ ಕೇಳಬೇಕಿತ್ತು.

ಛಾಯಾಚಿತ್ರದಲ್ಲಿ ನೀನು ಆ ಕೋಣೆಯ ಬಾಗಿಲಿಗೆ ಕೈಯಿಟ್ಟು ನಿಂತಿದ್ದೀಯೆ. ನಿನ್ನ ಹಿಂದಿನ ಮೇಜಿನ ಮೇಲೆ ಒಂದು ತಟ್ಟೆ, ಅದರಲ್ಲಿ ಆ ಕೋಣೆಯ ಕೊಳವೆಗಳಿಗೆ ಜೋಡಿಸುವ ಹನ್ನೆರಡು ಗಾಳಿಕವಾಟಗಳು, ಅಂಚಿನಲ್ಲೊಂದು ಚೀಟಿ, ಚೀಟಿಯ ಮೂಲೆಯಲ್ಲಿ ಕನ್ನಡದ ೭. ಅದು ಯಾರ ಕೈಬರಹವೆಂದು ನಿನಗೆ ಹೇಳಬೇಕಿಲ್ಲ. ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ನಾನು ಏಳನೆಯ ಸಂಖ್ಯೆಯ ಪರಿಶೀಲಕನಾಗಿದ್ದೆ. ನಾನು ಅಳೆದು ಒಪ್ಪಿದ ವಸ್ತುವಿನ ಮೇಲೆ ಆ ಅಂಕಿ ಇರುತ್ತಿತ್ತು. ನಿವೃತ್ತಿಯ ನಂತರ ಗುರುರಾಜನ ಖಾಸಗಿ ಕಾರ್ಯಾಗಾರದಲ್ಲೂ ಅದನ್ನೇ ಉಳಿಸಿಕೊಂಡೆ. ಅಳತೆ ನೋಡಲು ಕಲಿತ ತರುಣರೆಲ್ಲ ಮಾದಾಪುರದ ಗಾಜಿನ ಕಚೇರಿಗಳಿಗೆ ಹೋದುದರಿಂದ ಅವನು ನನ್ನಂಥ ಮುದುಕನನ್ನು ಮನೆಯಿಂದ ಕರೆತರಬೇಕಾಯಿತು. ಹೋದ ವಾರ ನೀನು ನಗುತ್ತ ಹೇಳಿದೆ: “ಅಪ್ಪಾ, ತಟ್ಟೆ ಮ್ಯಾಲ ನಿಮ್ಮ ಏಳು ಕಂಡಕೂಡಲೇ ನಾ ಮತ್ತ ಅಳಿಯಾಕ ಹೋಗಲಿಲ್ಲ ನೋಡ್ರಿ.” ಆಗ ನಾನು ಅಮ್ಮನ ಕೈಗೆ ದೂರವಾಣಿಯನ್ನು ಕೊಟ್ಟೆ. ಮುಂದೆ ಮೂರು ಸಲವೂ ಹಾಗೆಯೇ ಮಾಡಿದೆ. ಆದ್ದರಿಂದ ಈ ಪತ್ರ.

ನಡೆದದ್ದು ಇಷ್ಟು. ಅಕ್ಟೋಬರ್ ಏಳು, ಮಹಾನವಮಿ. ನಮ್ಮ ಕಡೆಯ ರೂಢಿಯಂತೆ ಕಾರ್ಯಾಗಾರದಲ್ಲಿ ಖಂಡೇಪೂಜೆ. ಬೆಳಗ್ಗೆ ಹತ್ತಕ್ಕೇ ಎಲ್ಲ ಆಯುಧಗಳನ್ನೂ ದೇವಿಯ ಮುಂದಿಟ್ಟು, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿದ್ದರು. ಕವಾಟದೊಳಗೆ ರಬ್ಬರಿನ ಉಂಗುರ ಕೂರುವ ತೋಡಿನ ಆಳವನ್ನು ಅಳೆಯುವ ಮಾಪಕ ಆ ಕಾರ್ಯಾಗಾರದಲ್ಲಿ ಇರುವುದು ಒಂದೇ; ಅದೂ ಹೂವಿನಡಿಯಲ್ಲಿತ್ತು. ಪೂಜೆಗಿಟ್ಟದ್ದನ್ನು ದಶಮಿಯವರೆಗೆ ಎತ್ತಕೂಡದು. ಈ ನಿಯಮದಲ್ಲಿ ನಾನೆಷ್ಟು ಕಟ್ಟುನಿಟ್ಟೆಂದು ನಿನಗೆ ಗೊತ್ತು. ಏಳನೆಯ ತರಗತಿಯಲ್ಲಿ ನಿನ್ನ ಕೈವಾರದ ಪೆಟ್ಟಿಗೆಯನ್ನೂ ಅಂದು ತೆಗೆಯಗೊಡದೆ ನಿನ್ನನ್ನು ಅಳಿಸಿದ್ದೆ. ಎಂಟು ಕವಾಟಗಳನ್ನು ಹಿಂದಿನ ದಿನವೇ ಅಳೆದಿದ್ದೆ. ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ರಾತ್ರಿಪಾಳಿಯ ಯಂತ್ರದಿಂದ ಇಳಿದು ನನ್ನ ಕೈಗೆ ಬಂದದ್ದು ಪೂಜೆ ಮುಗಿದ ಮೇಲೆ. ಸಾಗಿಸುವ ಗಾಡಿ ಬಾಗಿಲಲ್ಲಿ ನಿಂತಿತ್ತು. ಗುರುರಾಜ ಬಾಳೆಹಣ್ಣು ಸುಲಿಯುತ್ತ, “ದೇವಿ ಮುಂದಿನದು ಎತ್ತೂದು ಬ್ಯಾಡ್ರಿ, ಅಮರೇಶಪ್ಪನವರ. ನಲವತ್ತು ವರ್ಷ ಪಳಗಿದ ಬೆರಳು ನಿಮ್ಮವು, ಅದಕ್ಕಿಂತ ಛಲೋ ಮಾಪಕ ಯಾವ ಅಂಗಡ್ಯಾಗ ಸಿಗತೈತ್ರಿ? ಅದೂ ಅಲ್ದ ಇವು ಹಾರೂವಲ್ಲ, ಬರೇ ಪರೀಕ್ಷಾಕ್ಕ ಹೋಗೂವು” ಎಂದ. ಹೊಗಳಿಕೆ ಇಳಿವಯಸ್ಸಿನಲ್ಲಿ ಬಹು ಬೇಗ ಜೀರ್ಣವಾಗುತ್ತದೆ. ಕಿರುಬೆರಳನ್ನು ತೋಡಿನಲ್ಲಿ ಆಡಿಸಿ ನೋಡಿ ೭ ಎಂದು ಬರೆದೆ. ಆ ತೋಡು ಕೂದಲೆಳೆಯಷ್ಟು ಹೆಚ್ಚು ಆಳವಾಗಿದ್ದರೂ ರಬ್ಬರಿನ ಉಂಗುರ ಬಿಗಿಯಾಗದು, ಗಾಳಿ ಸೋರುವುದು; ಇದನ್ನು ನಿನಗೆ ಕಲಿಸಿದವನೇ ನಾನು.

ಆ ನಾಲ್ಕೂ ಸರಿಯಾಗಿಯೇ ಇದ್ದಾವು. ಇರಲೆಂದು ಹಾರೈಸುತ್ತೇನೆ. ಆದರೆ ಹಾರೈಕೆ ಪರಿಶೀಲನೆಯಲ್ಲ. ಅವನ್ನು ತೆಗೆದು, ನಿಮ್ಮಲ್ಲಿಯ ಮಾಪಕದಿಂದ ಅಳೆ. ತಡವಾದರೆ ತಡವಾಗಲಿ. ನಿರ್ದೇಶಕರು ಕಾರಣ ಕೇಳಿದರೆ ಈ ಪತ್ರವನ್ನೇ ತೋರಿಸು. ನನ್ನ ಹೆಸರನ್ನು ಮರೆಮಾಡಬೇಡ. ಹೊಸ ಮುಖ್ಯಸ್ಥೆ ತಂದೆಯ ಅಂಕಿಯನ್ನು ನಂಬಿ ಅಳೆಯದೆ ಬಿಟ್ಟಳೆಂಬ ಮಾತು ನಿನಗೂ ತಾಗುವುದು. ಅದನ್ನು ಎಣಿಸಿಯೇ ಹತ್ತು ದಿನ ಕಳೆದೆ. ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಒಳಗೆ ಕೂರುವವಳು ನೀನಲ್ಲದೆ ಯಾರೋ ಬೇರೆ ಮನೆಯ ಮಗು ಆಗಿದ್ದರೆ ಈ ಪತ್ರವನ್ನು ಬರೆಯುತ್ತಿದ್ದೆನೇ? ಈ ಪ್ರಶ್ನೆಯನ್ನು ದಿನವೂ ಕೇಳಿಕೊಳ್ಳುತ್ತೇನೆ. ನಿನ್ನೆ ಗುರುರಾಜನಿಗೆ ನನ್ನ ಬೀಗದ ಕೈಯನ್ನು ಒಪ್ಪಿಸಿ ಕೆಲಸ ಬಿಟ್ಟು ಬಂದೆ. ಅಮ್ಮನಿಗೆ ಮೊಣಕಾಲಿನ ಕಾರಣ ಹೇಳಿದ್ದೇನೆ.

ಬಿಸಿನೀರು ಕುಡಿ, ತಂಪಿಗೆ ತಲೆಯೊಡ್ಡಬೇಡ. ನಿನ್ನ ಕೆಲಸಕ್ಕೂ ಉಸಿರಿಗೂ ಕುಂದು ಬಾರದಿರಲಿ. ಅಮ್ಮ ಶೇಂಗಾಚಟ್ನಿ ಕುಟ್ಟಿಟ್ಟಿದ್ದಾಳೆ. ಬೇರೆ ಕಟ್ಟಿನಲ್ಲಿ ಬರುತ್ತದೆ.

ಸದಾ ನಿನ್ನ ಹಿತವನ್ನೇ ಬಯಸುವ,
ಅಪ್ಪ
ಅಮರೇಶಪ್ಪ

ಹಿಂಬರಹ: ಸೋಮವಾರ, ಅಬಿಡ್ಸಿನ ಅಂಚೆ ಕಚೇರಿ. ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದು ಬರೆಯುತ್ತಿದ್ದೇನೆ. ಕಿಟಕಿಯಾಚೆಯವನು “ಪೆದ್ದಾಯನಾ, ಜಲ್ದಿ” ಎಂದು ತೆಲುಗಿನಲ್ಲಿ ಈ ಮುದುಕನನ್ನು ಅವಸರಪಡಿಸುತ್ತಿದ್ದಾನೆ. ಪತ್ರ ಓದಿದೊಡನೆ ನೀನು ಕವಾಟಗಳೊಡನೆ ಬಂದ ಅಳತೆಪಟ್ಟಿಯನ್ನು ತೆರೆಯುವೆ. ಅಲ್ಲಿ ಆ ನಾಲ್ಕರ ಎದುರಿಗೂ ಅಂಕಿಗಳಿವೆ, ದಶಾಂಶದ ಮೂರನೆಯ ಸ್ಥಾನದವರೆಗೆ, ನನ್ನದೇ ದುಂಡಗಿನ ಬರಹದಲ್ಲಿ. ಅಪ್ಪ ಅಳೆದೇ ಇದ್ದಾರೆ, ವಯಸ್ಸಾಯಿತು, ಮರೆತಿದ್ದಾರೆ ಎಂದು ನೀನು ನಕ್ಕು ಪಟ್ಟಿಯನ್ನು ಮಡಚಿಡಬಾರದು. ಆ ನಾಲ್ಕು ಅಂಕಿಗಳು ನಾನು ಕಲ್ಪಿಸಿ ಬರೆದವು. ಇದನ್ನು ಮೇಲೆ ಬರೆಯುವ ಧೈರ್ಯವಾಗಲಿಲ್ಲ. ನಾಲ್ಕನ್ನೂ ಬಿಚ್ಚಿದ ಮೇಲೆ ದೂರವಾಣಿಯಲ್ಲಿ “ತೆಗೆದಿಟ್ಟೆ” ಎಂದಷ್ಟೇ ಹೇಳು. ಅಮ್ಮ ಪಕ್ಕದಲ್ಲೇ ಕುಳಿತಿರುತ್ತಾಳೆ.