ಯಾರೂ ಕೈ ಎತ್ತದ ಹುಲ್ಲುಗಾವಲು

ಮಾರ್ಚ್ ೧೧, ಮಂಗಳವಾರ

ಒಂದೇ ಒಂದು ಮಾತು ಗಂಟಲಲ್ಲಿ ಉಳಿದುಬಿಟ್ಟಿತು. ಇನ್ನೂ ಅಲ್ಲೇ ಇದೆ.

ನಾನು ನಾಲ್ಕನೇ ಕ್ಲಾಸು ಓದಿದ ಕೋಣೆಯಲ್ಲೇ ಇವತ್ತು ಭೂಸ್ವಾಧೀನದ ಸಭೆ. ಆಗಲೂ ನಾನು ಕೈ ಎತ್ತಿದವಳಲ್ಲ. ಗೋಡೆಗೆ ಸಾವಿರ ಮನೆಗಳ ಬಡಾವಣೆಯ ನಕ್ಷೆ ಅಂಟಿಸಿದ್ದರು. ಅಧಿಕಾರಿ ಒಂದೊಂದೇ ಜಾಗಕ್ಕೆ ಕೋಲು ಇಟ್ಟು, "ಇದು ಯಾರದ್ದು? ಕೈ ಎತ್ತಿ" ಎನ್ನುತ್ತಿದ್ದರು. ಹೊಲ ಇದ್ದವರು ಎತ್ತಿದರು. ಕೋಲು ಹುಲ್ಲುಗಾವಲಿಗೆ ಬಂದಾಗ ಯಾರೂ ಎತ್ತಲಿಲ್ಲ. ಊರಿನ ಕುರಿಯೆಲ್ಲ ಮೇಯುವ ಜಾಗವನ್ನು ನನ್ನದು ಎನ್ನಲು ಯಾರಿಗೆ ಬಾಯಿ ಬರುತ್ತದೆ? ಗುಮಾಸ್ತ 'ಆಕ್ಷೇಪಣೆ ಇಲ್ಲ' ಎಂದು ಬರೆದುಕೊಂಡ.

'ಎಲ್ಲರದ್ದೂ ಸಾರ್' ಎನ್ನಬೇಕೆಂದು ನಾನು ಎದ್ದು ನಿಂತೆ. ಅಧಿಕಾರಿ ನನ್ನನ್ನೇ ನೋಡಿದರು.

"ಏನಮ್ಮಾ, ನೀರು ಬೇಕಾ?"

ಹೂಂ ಎಂದು ತಲೆಯಾಡಿಸಿ ಕುಳಿತೆ.

ಬರುವಾಗ, ಯಾಕೆ ಕೈ ಎತ್ತಲಿಲ್ಲ ಎಂದು ಸಭೆಯಲ್ಲಿ ಪಕ್ಕದಲ್ಲೇ ಕೂತಿದ್ದ ದೊಡ್ಡಮ್ಮನನ್ನು ಕೇಳಿದೆ.

"ಅಯ್ಯೋ ಮಂಕೇ, ಊರವ್ರದ್ದನ್ನ ನಂದು ಅನ್ನೋಕೆ ನಾನೇನು ಕಳ್ಳೀನಾ?" ಎಂದು ನಕ್ಕಳು.

ಗುಮಾಸ್ತ ಬರೆದುಕೊಂಡದ್ದನ್ನು ಹೇಳಿದೆ. ನಗು ನಿಂತಿತು. ನಡಿಗೆಯೂ ನಿಂತಿತು.

"ಹಂಗಾದ್ರೆ ಇನ್ಮೇಲೆ ಕುರಿ ಎಲ್ಲಿಗೆ ಹೊಡ್ಕೊಂಡು ಹೋಗ್ಲೇ?"

ಮನೆಗೆ ಬಂದು ಈ ಡೈರಿ ತೆಗೆದೆ.

ಎಲ್ಲರದ್ದೂ ಸಾರ್. ಎಲ್ಲರದ್ದೂ. ಈ ಪುಟದಲ್ಲಾದರೆ ಎಷ್ಟು ಸಲ ಬೇಕಾದರೂ ಬರೆಯಬಲ್ಲೆ, ಇಲ್ಲಿ ಯಾರೂ ನನ್ನನ್ನು ನೀರು ಬೇಕಾ ಎಂದು ಕೇಳುವುದಿಲ್ಲ.