ಪುಟದೊಳಗಿನ ಪುಟ

ಲೋರ್ನಾ,

ನೀನು ಸತ್ತು ಆರು ವರ್ಷವಾಯಿತು, ಆದರೂ ಇವತ್ತು ಟೈಲರ್ ಊರಿನ ಕೋರ್ಟಿಗೆ ನೀನು ಬಂದೇಬಿಟ್ಟೆ.

ಕಂಪ್ಯೂಟರ್ ಪರದೆಯ ಮೇಲಿಂದ ಇಳಿಯುವ ನನ್ನ ಮೆನು ಕದ್ದರೆಂದು ಒಂದು ಕಂಪನಿಯ ಮೇಲೆ ಪೇಟೆಂಟ್ ಕೇಸು ಹಾಕಿದ್ದೆ. ಅವರ ವಕೀಲ ನಿನ್ನ ಹಳೆಯ ಫ್ಲಾಪಿ ಹುಡುಕಿ ತಂದು, ಜ್ಯೂರಿಯ ಎದುರೇ ನಿನ್ನ ಅಡುಗೆಪುಸ್ತಕದ ಪ್ರೋಗ್ರಾಂ ತೆರೆದ. ಅದೇ ಮೆನು ಇಳಿಯಿತು. ಪೀಕಾನ್ ಪೈ ಮಾಡುವ ಪುಟದೊಳಗಿಂದ ಇನ್ನೊಂದು ಪುಟ ತೆರೆದುಕೊಂಡಿತು.

"ಗಟ್ಟಿಯಾಗಿ ಓದಿ ಸಾರ್, ಕನ್ನಡಕ ಇದೆಯಲ್ಲ?" ಎಂದ ವಕೀಲ.

ಓದಿದೆ, ನೀನು ನನ್ನ ಹೆಸರನ್ನೂ ಬರೆದಿದ್ದೆ: "ಈ ಮೆನು ಡೆಲ್ಬರ್ಟ್ ಮತ್ತು ನಾನು ಸೇರಿ ಮಾಡಿದ್ದು. ಅವನ ಹೆಸರು ಮೊದಲಿರಲಿ."

"ಮತ್ತೆ ನಿಮ್ಮ ಪೇಟೆಂಟಲ್ಲಿ ಆಯಮ್ಮನ ಹೆಸರೆಲ್ಲಿ ಹೋಯ್ತು?"

ಬೆಳಗ್ಗೆಯಷ್ಟೇ ಅದೇ ಸಾಕ್ಷಿಯ ಕುರ್ಚಿಯಲ್ಲಿ ಪ್ರಮಾಣ ಮಾಡಿ ಹೇಳಿದ್ದೆ: "ಲೋರ್ನಾನಾ? ಅವಳು ಬರೀ ಟೈಪ್ ಮಾಡ್ಕೊಡ್ತಿದ್ಳು."